ಒಂದು ಊರನ್ನು ಫೋಟೊಗಳಲ್ಲಿ ದಾಖಲಿಸುವುದು ಹೇಗೆ? ಪಟ್ಟಿಯಿಂದ ಅಡಿಬರಹದವರೆಗೆ, ಹಂತ ಹಂತವಾಗಿ

ಊರಿನ ಫೋಟೊ ದಾಖಲೆ ಮಾಡುತ್ತೇವೆ ಎಂದು ಹೊರಟವರು ತಂದು ತೋರಿಸುವ ಫೋಲ್ಡರ್‌ಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಸೂರ್ಯಾಸ್ತದ ಫೋಟೊ ರಾಶಿ ರಾಶಿ. ಹಳೇ ಗೋಪುರದ ಫೋಟೊ ಒಂದೇ ಕೋನದಿಂದ ಹತ್ತಾರು. ನಗುತ್ತಿರುವ ಅಜ್ಜಿಯ ಮುಖ ಇದೆ, ಅವರ ಹೆಸರು ಯಾರಿಗೂ ಗೊತ್ತಿಲ್ಲ. ಸಂತೆಯ ಫೋಟೊ ಇದೆ, ಯಾವ ವರ್ಷದ್ದು ಎಂದು ಕೇಳಿದರೆ ಉತ್ತರ ಇಲ್ಲ. ಫೋಟೊಗಳೇನೋ ಚೆನ್ನಾಗಿಯೇ ಇರುತ್ತವೆ. ಆದರೆ ಅವನ್ನು ಮುಂದಿಟ್ಟುಕೊಂಡು ಆ ಊರಿನ ಬಗ್ಗೆ ನಾಲ್ಕು ಮಾತು ಹೇಳಲು ಆಗುವುದಿಲ್ಲ.

ಎಡವಟ್ಟು ಆಗುವುದು ಕೆಲಸದ ಕ್ರಮದಲ್ಲಿ. ಬಹುತೇಕರು ಮೊದಲು ಫೋಟೊ ತೆಗೆಯುತ್ತಾರೆ. ಆಮೇಲೆ ಏನೇನು ತೆಗೆದಿದ್ದೇವೆ ಎಂದು ನೋಡುತ್ತಾರೆ. ಹೆಸರು, ಜಾಗ, ದಿನಾಂಕ ಬರೆಯುವುದನ್ನು ಕೊನೆಗೆ ಇಟ್ಟುಕೊಂಡು ಮರೆತೇ ಬಿಡುತ್ತಾರೆ. ಯಾವುದೇ ಫೋಟೊಗೆ ಒಂದೇ ಪರೀಕ್ಷೆ ಇಡಿ: ಇಪ್ಪತ್ತು ವರ್ಷ ಬಿಟ್ಟು ನಿಮ್ಮನ್ನು ನೋಡೇ ಇಲ್ಲದವರು ಇದನ್ನು ಕೈಗೆತ್ತಿಕೊಂಡರೆ ಯಾರು, ಎಲ್ಲಿ, ಯಾವಾಗ, ಏನು ಎಂಬ ನಾಲ್ಕು ಪ್ರಶ್ನೆಗೆ ಅವರಿಗೆ ಉತ್ತರ ಸಿಗಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ. ಯಾವುದನ್ನೂ ಹಾರಿಸದೆ ಇದೇ ಸಾಲಿನಲ್ಲಿ ಮಾಡಿ.

ಹಂತ 1: ಗಡಿ ಹಾಕಿ, ಪಟ್ಟಿ ಬರೆಯಿರಿ

ಬೇಕಾದದ್ದು: ನೋಟ್‌ಬುಕ್, ಪೆನ್ಸಿಲ್, ಊರಿನ ನಕ್ಷೆ. ಕ್ಯಾಮೆರಾ ಇನ್ನೂ ಬೇಡ.

"ನಮ್ಮ ಪ್ರದೇಶದ ಜನಜೀವನ" ಎಂದು ಹೊರಟರೆ ಕೆಲಸ ಎಂದಿಗೂ ಮುಗಿಯುವುದಿಲ್ಲ. ಒಂದು ಬೀದಿ, ಒಂದು ಸಂತೆ, ಒಂದು ಕೆರೆಯ ಸುತ್ತಲಿನ ಮನೆಗಳು, ನದಿ ದಂಡೆಯ ಒಂದು ತುಂಡು: ಇಷ್ಟು ಸಾಕು. ನಕ್ಷೆಯ ಮೇಲೆ ಗೆರೆ ಎಳೆದುಬಿಡಿ. ಕಾಲಕ್ಕೂ ಗಡಿ ಬೇಕು. ಒಂದು ವರ್ಷ ಇಟ್ಟುಕೊಂಡರೆ ಎಲ್ಲ ಋತುಗಳೂ ಸಿಗುತ್ತವೆ. ಅಷ್ಟು ಬಿಡುವಿಲ್ಲದಿದ್ದರೆ ಗೆರೆಯನ್ನು ಇನ್ನೂ ಚಿಕ್ಕದು ಮಾಡಿ, ವರ್ಷವನ್ನು ಕತ್ತರಿಸಬೇಡಿ.

ಆಮೇಲೆ ಪಟ್ಟಿ. 1930ರ ದಶಕದಲ್ಲಿ ಅಮೆರಿಕದ ಹಳ್ಳಿಗಾಡಿನ ಬದುಕನ್ನು ದಾಖಲಿಸಿದ ಸರ್ಕಾರಿ ಯೋಜನೆಯನ್ನು ನಡೆಸಿದ ರಾಯ್ ಸ್ಟ್ರೈಕರ್ ತಮ್ಮ ಛಾಯಾಗ್ರಾಹಕರಿಗೆ ಬರಹದಲ್ಲೇ ಪಟ್ಟಿ ಕಳಿಸುತ್ತಿದ್ದರು. ಜನ ಎಲ್ಲಿ ಸೇರುತ್ತಾರೆ, ಸಂಜೆ ಮನೆಯಲ್ಲಿ ಹೇಗಿರುತ್ತಾರೆ ಎಂಬಂಥ ಸಾದಾ ವಿಷಯಗಳೇ ಅದರಲ್ಲಿದ್ದವು. ಆ ಬಗೆಯ ಪಟ್ಟಿಗಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ವಸ್ತುಗಳ ಹೆಸರು ಬರೆಯುವ ಬದಲು ಪ್ರಶ್ನೆಗಳನ್ನು ಬರೆಯಿರಿ. ನೀರು ಎಲ್ಲಿಂದ ಬರುತ್ತದೆ? ಬೆಳಗ್ಗೆ ಮೊದಲು ತೆರೆಯುವ ಬಾಗಿಲು ಯಾವುದು? ಯಾರು ಯಾವ ಕೆಲಸಕ್ಕೆ ಎಲ್ಲಿಗೆ ಹೋಗುತ್ತಾರೆ? ಮಕ್ಕಳು ಎಲ್ಲಿ ಆಡುತ್ತಾರೆ? ವಯಸ್ಸಾದವರು ಎಲ್ಲಿ ಕೂರುತ್ತಾರೆ? ಕಸ ಎಲ್ಲಿಗೆ ಹೋಗುತ್ತದೆ? ದಾರಿ ಹೇಳುವಾಗ ಜನ ಯಾವ ಗುರುತು ಹೇಳುತ್ತಾರೆ? ಇನ್ನೈದು ವರ್ಷದಲ್ಲಿ ಯಾವುದು ಇರುವುದಿಲ್ಲ?

ಕೊನೆಯ ಎರಡು ಪ್ರಶ್ನೆಗಳಿಗೆ ಗುರುತು ಹಾಕಿಕೊಳ್ಳಿ. ದಾರಿ ಹೇಳುವಾಗ ಬಾಯಿಗೆ ಬರುವ ಜಾಗವೇ ಊರಿನವರ ಪಾಲಿನ ಹೆಗ್ಗುರುತು. ಅದು ಪ್ರವಾಸಿ ನಕ್ಷೆಯಲ್ಲಿ ಇರಬೇಕೆಂದೇನಿಲ್ಲ. ಒಂದು ಮರ, ಮುಚ್ಚಿಹೋದ ಚಿತ್ರಮಂದಿರ, ಒಂದು ತಿರುವು ಆಗಿರಬಹುದು. ಹೋಗಲಿರುವ ಕಟ್ಟಡ, ನಿಂತುಹೋಗಲಿರುವ ಕಸುಬು ಪಟ್ಟಿಯ ಮೇಲ್ತುದಿಗೆ ಬರಬೇಕು. ಉಳಿದವು ಕಾಯುತ್ತವೆ, ಅವು ಕಾಯುವುದಿಲ್ಲ.

ಎಚ್ಚರಿಕೆಯ ಗುರುತು: ಪಟ್ಟಿಯಲ್ಲಿ ಇರುವುದೆಲ್ಲ ಚಂದದ ವಸ್ತುಗಳೇ ಆಗಿದ್ದರೆ ನೀವು ದಾಖಲೆ ಬಿಟ್ಟು ಕ್ಯಾಲೆಂಡರ್ ಕಡೆಗೆ ಹೊರಟಿದ್ದೀರಿ. ವಿದ್ಯುತ್ ಕಂಬ, ಬಸ್ ನಿಲ್ದಾಣ, ಅಂಗಡಿ ಬೋರ್ಡು, ಮೊಬೈಲ್ ಗೋಪುರ ಸೇರಿಸಿ. ಒಂದು ಕಾಲವನ್ನು ಥಟ್ಟನೆ ಗುರುತಿಸಲು ಮುಂದೆ ನೆರವಾಗುವುದು ಇವೇ.

ಹಂತ 2: ಸಾಮಾನು ಕಡಿಮೆ ಮಾಡಿ

ಒಂದು ಕ್ಯಾಮೆರಾ. 35 ಅಥವಾ 50 ಮಿಲಿಮೀಟರ್ ಲೆನ್ಸ್ ಒಂದು, ಕಟ್ಟಡ ಮತ್ತು ಬಯಲಿಗೆ 24 ಮಿಲಿಮೀಟರ್ ಆಸುಪಾಸಿನ ಅಗಲದ ಲೆನ್ಸ್ (ಹೆಚ್ಚು ಅಗಲದ ನೋಟ ಹಿಡಿಯುವುದು) ಇನ್ನೊಂದು. ಎರಡು ಕಾರ್ಡ್, ಹೆಚ್ಚುವರಿ ಬ್ಯಾಟರಿ, ಗಟ್ಟಿಯಾದ ಟ್ರೈಪಾಡ್, ಲೆನ್ಸ್ ಒರೆಸುವ ಬಟ್ಟೆ, ಜೇಬಲ್ಲಿ ಹಿಡಿಸುವ ನೋಟ್‌ಬುಕ್. ದೂರದಿಂದ ಎಳೆದು ತೆಗೆಯುವ ಉದ್ದನೆಯ ಲೆನ್ಸ್ ಜನರ ಫೋಟೊಗೆ ಬೇಡವೇ ಬೇಡ. ಮಾತಾಡಿಸದೆ, ಕೇಳದೆ ತೆಗೆಯುವ ಚಾಳಿಗೆ ಬೀಳಿಸುವುದು ಅದೇ.

ಮೊಬೈಲ್ ಮಾತ್ರ ಇದೆಯಾ? ಸಾಕು. ಮೂರು ವಿಷಯ ನೋಡಿಕೊಳ್ಳಿ. ಮುಖ ನುಣುಪು ಮಾಡುವ ಸೌಲಭ್ಯವನ್ನು ಆರಿಸಿ. ದಾಖಲೆಯಲ್ಲಿ ಸುಕ್ಕು, ಕಲೆ, ಬೆವರು ಎಲ್ಲವೂ ಇರಬೇಕು. ಬೆರಳಲ್ಲಿ ಹಿಗ್ಗಿಸಿ ಜೂಮ್ ಮಾಡುವ ಬದಲು ಎರಡು ಹೆಜ್ಜೆ ಹತ್ತಿರ ಹೋಗಿ. ತೆಗೆದ ಫೋಟೊವನ್ನು ಮೆಸೇಜ್ ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ನೆ ಫೋಟೊ ಎಂದು ಕಳಿಸಿದರೆ ಅದು ಸಣ್ಣದಾಗುತ್ತದೆ, ಒಳಗಿರುವ ದಿನಾಂಕ, ಜಾಗದ ಮಾಹಿತಿಯೂ ಹೋಗಿಬಿಡಬಹುದು.

ಹಂತ 3: ಕ್ಯಾಮೆರಾದ ಗಡಿಯಾರ ಸರಿ ಮಾಡಿ

ಐದು ನಿಮಿಷದ ಕೆಲಸ, ಜಾಸ್ತಿ ಜನ ಬಿಡುವುದೂ ಇದನ್ನೇ. ಕ್ಯಾಮೆರಾದ ದಿನಾಂಕ, ಸಮಯ, ಟೈಮ್ ಝೋನ್ ಮೂರನ್ನೂ ಮೊಬೈಲಿನ ಸಮಯಕ್ಕೆ ಹೊಂದಿಸಿ. ಬ್ಯಾಟರಿ ಬಹಳ ದಿನ ತೆಗೆದಿಟ್ಟಿದ್ದರೆ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗಿ ಕೂತಿರುತ್ತದೆ. ಎರಡು ಕ್ಯಾಮೆರಾ ಬಳಸಿದರೆ ಎರಡರಿಂದಲೂ ಮೊಬೈಲಿನ ಗಡಿಯಾರದ ಒಂದೊಂದು ಫೋಟೊ ತೆಗೆದಿಡಿ. ಮುಂದೆ ವ್ಯತ್ಯಾಸ ಕಂಡರೆ ಲೆಕ್ಕ ಹಾಕಿ ಸರಿಪಡಿಸಬಹುದು.

ಹಾಗೆಯೇ ರಾ (ಕ್ಯಾಮೆರಾ ಹಿಡಿದ ಪೂರ್ತಿ ಮಾಹಿತಿ ಇರುವ ಕಡತ) ಮತ್ತು ಜೆಪೆಗ್ (ಕುಗ್ಗಿಸಿದ ಸಾಮಾನ್ಯ ಫೋಟೊ ಕಡತ) ಎರಡೂ ಉಳಿಯುವಂತೆ ಇಡಿ. ಕಾರ್ಡನ್ನು ಕಂಪ್ಯೂಟರಿನಲ್ಲಿ ಅಳಿಸಬೇಡಿ. ಪ್ರತಿಗಳು ಆದಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಹಂತ 4: ಕ್ಯಾಮೆರಾ ಇಲ್ಲದೆ ಹೋಗಿ ಬನ್ನಿ

ಹಾಕಿದ ಗೆರೆಯೊಳಗೆ ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ನಡೆಯಿರಿ. ಬೇರೆ ಬೇರೆ ದಿನ ಹೋಗಿ. ಯಾವ ಗೋಡೆಗೆ ಯಾವ ಹೊತ್ತಲ್ಲಿ ಬಿಸಿಲು ಬೀಳುತ್ತದೆ, ಯಾವ ಬೀದಿ ಯಾವಾಗ ತುಂಬುತ್ತದೆ, ಯಾವಾಗ ಖಾಲಿ, ಎಲ್ಲವನ್ನೂ ಬರೆದುಕೊಳ್ಳಿ. ಜನರೊಂದಿಗೆ ಮಾತಾಡಿ. ನೀವು ಯಾರು, ಏನು ಮಾಡಲು ಹೊರಟಿದ್ದೀರಿ, ಫೋಟೊಗಳು ಎಲ್ಲಿಗೆ ಹೋಗುತ್ತವೆ ಎಂದು ಮುಚ್ಚುಮರೆ ಇಲ್ಲದೆ ಹೇಳಿ. ಮುಖಪರಿಚಯ ಆದಮೇಲೆ ಕ್ಯಾಮೆರಾ ತಂದರೆ ಯಾರೂ ಸೆಟೆದು ನಿಲ್ಲುವುದಿಲ್ಲ.

ಅನುಮತಿಯ ಕೆಲಸವೂ ಈಗಲೇ ಆಗಬೇಕು. ಶಾಲೆ, ಆಸ್ಪತ್ರೆ, ಕಾರ್ಖಾನೆ, ಪ್ರಾರ್ಥನಾ ಸ್ಥಳ, ಸಂರಕ್ಷಿತ ಸ್ಮಾರಕ, ರೈಲು ನಿಲ್ದಾಣ, ಅಣೆಕಟ್ಟು ಇವಕ್ಕೆ ತಮ್ಮದೇ ನಿಯಮಗಳಿರುತ್ತವೆ. ಕೈಯಲ್ಲಿ ಹಿಡಿದು ತೆಗೆಯಲು ಬಿಡುವ ಕಡೆಯೂ ಟ್ರೈಪಾಡ್‌ಗೆ ಬೇರೆ ಅನುಮತಿ ಕೇಳಬಹುದು. ಡ್ರೋನ್ ಅಂತೂ ನೆಲದ ಕಾನೂನು ಓದದೆ ಹಾರಿಸಲೇಬೇಡಿ. ಮಕ್ಕಳ ಫೋಟೊಗೆ ಮಗುವಿನ ಒಪ್ಪಿಗೆ ಸಾಲದು, ಅಪ್ಪ ಅಮ್ಮ ಅಥವಾ ಪೋಷಕರು ಒಪ್ಪಬೇಕು. ಅವರು ಒಪ್ಪಿದರೂ ಮಗು ಹಿಂಜರಿದರೆ ಕ್ಯಾಮೆರಾ ಇಳಿಸಿ.

ಹಂತ 5: ಜನ ಮತ್ತು ಕೆಲಸ

ದಾಖಲೆ ಗೆಲ್ಲುವುದೂ ಸೋಲುವುದೂ ಇಲ್ಲೇ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಬ್ಬ ಬಡಗಿಯ ಕೆಲಸದ ಕೊಟ್ಟಿಗೆಗೆ ಹೋಗಿದ್ದೀರಿ ಎಂದುಕೊಳ್ಳಿ. ಬಾಗಿಲಲ್ಲಿ ನಿಂತು ಮುಖದ ಒಂದು ಫೋಟೊ ತೆಗೆದು ಬಂದರೆ ಸಿಗುವುದು ಒಬ್ಬ ಮನುಷ್ಯನ ಮುಖ ಮಾತ್ರ. ಮೊದಲು ಕೇಳಿ: "ನಿಮ್ಮ ಕೆಲಸದ ಫೋಟೊ ತೆಗೀಬಹುದಾ? ಊರಿನ ಬಗ್ಗೆ ಒಂದು ದಾಖಲೆ ಮಾಡ್ತಿದ್ದೀನಿ. ನಿಮಗೂ ಒಂದು ಪ್ರತಿ ತಂದುಕೊಡ್ತೀನಿ." ಒಪ್ಪಿದರೆ ಈ ಕ್ರಮದಲ್ಲಿ ಹೋಗಿ.

ಒಂದು, ಹೊರಗಿನಿಂದ. ರಸ್ತೆ, ಪಕ್ಕದ ಮನೆಗಳು, ಬೋರ್ಡು ಸೇರಿದಂತೆ ಕೊಟ್ಟಿಗೆ ಎಲ್ಲಿದೆ ಎಂದು ತೋರಿಸುವ ಫೋಟೊ.

ಎರಡು, ಒಳಗಿನ ಪೂರ್ತಿ ನೋಟ. ಮೂಲೆಯಲ್ಲಿ ನಿಂತರೆ ಕೆಲಸದ ಮೇಜು, ಒರಗಿಸಿಟ್ಟ ಹಲಗೆಗಳು, ಗೋಡೆಗೆ ನೇತುಹಾಕಿದ ಗರಗಸ, ಮೂಲೆಯ ಮರದ ಹೊಟ್ಟಿನ ರಾಶಿ ಎಲ್ಲ ಬರುತ್ತವೆ. ಚೊಕ್ಕಟ ಮಾಡಲು ಹೇಳಬೇಡಿ. ಏನನ್ನೂ ಪಕ್ಕಕ್ಕೆ ಸರಿಸಬೇಡಿ.

ಮೂರು, ಕೆಲಸದಲ್ಲಿ ತೊಡಗಿರುವ ವ್ಯಕ್ತಿ, ತಲೆಯಿಂದ ಕಾಲಿನವರೆಗೆ. ಬಡಗಿ ಒಂದು ಕಾಲಿನಿಂದ ಹಲಗೆಯನ್ನು ಒತ್ತಿ ಹಿಡಿದಿರಬಹುದು. ಸೊಂಟದ ಮೇಲಕ್ಕೆ ಮಾತ್ರ ತೆಗೆದರೆ ಆ ಕೆಲಸದ ಅರ್ಧ ಹೋಯಿತು.

ನಾಲ್ಕು, ಕೈ. ಕೀಸುಳಿ ಹಿಡಿದ ಬೆರಳುಗಳು, ಸುರುಳಿಯಾಗಿ ಏಳುವ ಮರದ ಸಿಪ್ಪೆ. ಇಲ್ಲಿ ಒಂದಲ್ಲ, ಸಾಲಾಗಿ ತೆಗೆಯಿರಿ: ಗುರುತು ಹಾಕುವುದು, ಕೊಯ್ಯುವುದು, ಹೆರೆಯುವುದು, ಜೋಡಿಸುವುದು. ಕೆಲಸ ಗೊತ್ತಿಲ್ಲದವರಿಗೂ ಮುಂದೇನಾಯಿತು ಎಂದು ತಿಳಿಯಬೇಕು.

ಐದು, ಉಪಕರಣಗಳು. ಒಂದೊಂದರ ಹೆಸರನ್ನೂ ಕೇಳಿ ಬರೆದುಕೊಳ್ಳಿ. ಆ ಕಸುಬಿನವರು ಏನು ಕರೆಯುತ್ತಾರೋ ಅದೇ ಹೆಸರು ಬರೆಯಿರಿ. ನಿಘಂಟಿನ ಹೆಸರಿಗೆ ತಿದ್ದಬೇಡಿ.

ಆರು, ಮುಖ. ಇದು ಕೊನೆಗೆ. ಅಷ್ಟು ಹೊತ್ತಿಗೆ ಅವರು ನಿಮಗೆ ಒಗ್ಗಿರುತ್ತಾರೆ. ಅವರಿಗೆ ಹೇಗೆ ನಿಲ್ಲಬೇಕು ಅನ್ನಿಸುತ್ತದೋ ಹಾಗೆ ನಿಲ್ಲಲಿ. ಕೆಲವರು ಅಂಗಿ ಬದಲಾಯಿಸಿಕೊಂಡು ಬರುತ್ತೇನೆ ಎನ್ನುತ್ತಾರೆ, ಬರಲಿ. ತಾವು ಹೇಗೆ ಕಾಣಬೇಕೆಂದು ಅವರಿಗೆ ಇಷ್ಟ ಎಂಬುದೂ ದಾಖಲೆಯೇ ಅಲ್ವಾ?

ತಾಂತ್ರಿಕ ಸಂಗತಿಗಳು ಕೆಲವು. ನಡೆಯುವವರನ್ನು ಹಿಡಿಯಲು ಸೆಕೆಂಡಿನ 1/250 ಭಾಗದ ಶಟರ್ (ಕ್ಯಾಮೆರಾದೊಳಗೆ ಬೆಳಕು ಬರುವ ಅವಧಿ) ಸಾಕು. ಸುತ್ತಿಗೆ ಏಟಿನಂಥ ವೇಗಕ್ಕೆ 1/1000 ಬೇಕಾದೀತು. ಆದರೆ ಟ್ಯೂಬ್‌ಲೈಟ್, ಎಲ್‌ಇಡಿ ಬೆಳಕಿನ ಕೋಣೆಯಲ್ಲಿ ವೇಗದ ಶಟರ್ ಇಟ್ಟರೆ ಫೋಟೊ ಮೇಲೆ ಕಪ್ಪು ಪಟ್ಟೆಗಳು ಬರಬಹುದು. ವಿದ್ಯುತ್ 50 ಹರ್ಟ್ಸ್ ಇರುವ ದೇಶಗಳಲ್ಲಿ 1/50 ಅಥವಾ 1/100, 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/120 ಇಟ್ಟರೆ ಬಹುಮಟ್ಟಿಗೆ ಪಟ್ಟೆ ಹೋಗುತ್ತದೆ. ಕತ್ತಲಿದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಎಂಬ ಅಂಕಿ) ಏರಿಸಿ. ಕಾಳುಕಾಳಾದ ಫೋಟೊ ಓದಲು ಬರುತ್ತದೆ, ಅಲುಗಿಹೋದದ್ದು ಬರುವುದಿಲ್ಲ. ಫ್ಲ್ಯಾಶ್ ಹಾಕಿದರೆ ಕೋಣೆಯ ನಿಜವಾದ ಬೆಳಕು ಸತ್ತುಹೋಗುತ್ತದೆ, ಕೆಲಸ ಮಾಡುವವರ ಕಣ್ಣಿಗೂ ಹೊಡೆಯುತ್ತದೆ.

ಗುಂಪಿನ ಫೋಟೊವನ್ನು ಅಗಲದ ಲೆನ್ಸ್‌ನಲ್ಲಿ ತೆಗೆಯುವಾಗ ಅಂಚುಗಳಲ್ಲಿ ಯಾರನ್ನೂ ನಿಲ್ಲಿಸಬೇಡಿ. ಅಂಚಿನ ಮುಖಗಳು ಹಿಗ್ಗಿದಂತೆ ಬರುತ್ತವೆ. ಪಾಪ, ಆಮೇಲೆ ಅದನ್ನು ನೋಡಿ ಬೇಸರಪಡುವವರು ಅವರು.

ಸಾಮಾನ್ಯ ತಪ್ಪುಗಳು: ಎಲ್ಲರನ್ನೂ ನಿಂತ ಎತ್ತರದಿಂದಲೇ ತೆಗೆಯುವುದು. ಕೂತು ಕೆಲಸ ಮಾಡುವವರ ಮುಂದೆ ನೀವೂ ಕೂರಿ, ಇಲ್ಲವಾದರೆ ನೆತ್ತಿ ಮಾತ್ರ ಕಾಣುತ್ತದೆ. ಇನ್ನೊಂದು, ಹಬ್ಬದ ದಿನ ಮಾತ್ರ ಹೋಗುವುದು. ಹಬ್ಬಕ್ಕೆ ನೂರು ಕ್ಯಾಮೆರಾ ಬರುತ್ತವೆ. ಹಬ್ಬದ ಹಿಂದಿನ ದಿನ ಚಪ್ಪರ ಹಾಕುವವರನ್ನೂ ಮಾರನೆಯ ದಿನ ಗುಡಿಸುವವರನ್ನೂ ತೆಗೆಯುವವರು ಸಿಗುವುದಿಲ್ಲ. ನೀವು ಆ ಎರಡು ದಿನ ಹೋಗಿ.

ಎಚ್ಚರಿಕೆಯ ಗುರುತು: ಜನ ಮಾತು ನಿಲ್ಲಿಸಿದರೆ, ಸೆರಗು ಅಥವಾ ಕೈ ಮುಖಕ್ಕೆ ಬಂದರೆ, "ಬೇಗ ಆಯ್ತಾ?" ಎಂದು ಕೇಳಿದರೆ ಅವತ್ತಿಗೆ ಸಾಕು. ಬಾಯಿಬಿಟ್ಟು ಬೇಡ ಎನ್ನಲು ಎಲ್ಲರಿಗೂ ಆಗುವುದಿಲ್ಲ.

ಹಂತ 6: ನೆಲ ಮತ್ತು ನೋಟ

ಬಯಲು, ಗುಡ್ಡ, ನೀರು, ಹೊಲ ಇವುಗಳ ಫೋಟೊದಲ್ಲಿ ಎಲ್ಲರೂ ಬೆಳಕಿನ ಹಿಂದೆ ಓಡುತ್ತಾರೆ. ಬೆಳಗಿನ, ಸಂಜೆಯ ಓರೆ ಬೆಳಕು ನೆಲದ ಉಬ್ಬುತಗ್ಗು ತೋರಿಸುತ್ತದೆ ಎಂಬುದು ನಿಜ. ಆದರೆ ದಾಖಲೆಗೆ ಅದಕ್ಕಿಂತ ಮುಖ್ಯವಾದದ್ದು ಮತ್ತೆ ಮತ್ತೆ ಹೋಗಿ ನಿಲ್ಲುವ ಜಾಗ. ಗೆರೆಯೊಳಗೆ ನಾಲ್ಕೈದು ಜಾಗ ಆರಿಸಿ. ಪ್ರತಿ ಋತುವಿನಲ್ಲೂ ಅಲ್ಲಿಂದಲೇ, ಅದೇ ಲೆನ್ಸಿನಿಂದ, ಅದೇ ಎತ್ತರದಿಂದ ತೆಗೆಯಿರಿ. ಕೆರೆಯ ನೀರು ಎಲ್ಲಿಗೆ ಇಳಿಯಿತು, ಯಾವ ಮರ ಹೋಯಿತು, ಎಲ್ಲಿ ಹೊಸ ಗೋಡೆ ಎದ್ದಿತು ಎಂದು ಯಾರೂ ವಿವರಿಸಬೇಕಿಲ್ಲ. ನಾಲ್ಕು ಫೋಟೊ ಅಕ್ಕಪಕ್ಕ ಇಟ್ಟರೆ ಕಾಣುತ್ತದೆ.

ಜಾಗಕ್ಕೆ ವಾಪಸ್ ಬರುವುದು ಹೇಗೆ? ಮೊಬೈಲಿನ ಜಿಪಿಎಸ್ ಹತ್ತಿರಕ್ಕೆ ತಂದು ಬಿಡುತ್ತದೆ, ಆದರೆ ಕೆಲವು ಮೀಟರ್ ಆಚೀಚೆ ಆಗುತ್ತದೆ. ಅಷ್ಟಕ್ಕೇ ಫೋಟೊ ಹೊಂದುವುದಿಲ್ಲ. ಹಾಗಾಗಿ ಕಣ್ಣಿನಿಂದ ಹೊಂದಿಸಿ. ಹಳೆಯ ಫೋಟೊದಲ್ಲಿ ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು ಆರಿಸಿಕೊಳ್ಳಿ. ಕಂಬದ ಅಂಚು ಮತ್ತು ಅದರ ಹಿಂದೆ ದೂರದ ಮನೆಯ ಕಿಟಕಿ ಎಂದಿಟ್ಟುಕೊಳ್ಳಿ. ಕಂಬಕ್ಕೂ ಕಿಟಕಿಗೂ ನಡುವಿನ ಅಂತರ ಫೋಟೊದಲ್ಲಿ ಇರುವಷ್ಟೇ ಕಾಣುವವರೆಗೆ ಎಡಕ್ಕೆ ಬಲಕ್ಕೆ ಸರಿಯಿರಿ. ಆಮೇಲೆ ಕಂಬ ಎಷ್ಟು ದೊಡ್ಡದು, ಮನೆ ಎಷ್ಟು ಚಿಕ್ಕದು ಎಂಬ ಪ್ರಮಾಣ ಹೊಂದುವವರೆಗೆ ಹಿಂದೆ ಮುಂದೆ ನಡೆಯಿರಿ. ಕೊನೆಗೆ ಎತ್ತರ. ಲೆನ್ಸ್ ಬದಲಾಯಿಸಿದರೆ ಬದಲಾಗುವುದು ಚೌಕಟ್ಟು ಮಾತ್ರ. ಹತ್ತಿರದ್ದಕ್ಕೂ ದೂರದ್ದಕ್ಕೂ ಇರುವ ಸಂಬಂಧ ನೀವು ನಿಂತ ಜಾಗದಿಂದ ಬರುತ್ತದೆ. ಜಾಗ ತಪ್ಪಿದರೆ ಯಾವ ಲೆನ್ಸೂ ಉಳಿಸುವುದಿಲ್ಲ.

ಅಮೆರಿಕದ ಪಶ್ಚಿಮ ಭಾಗದ 19ನೇ ಶತಮಾನದ ಸಮೀಕ್ಷೆ ಫೋಟೊಗಳನ್ನು ಛಾಯಾಗ್ರಾಹಕ ಮಾರ್ಕ್ ಕ್ಲೆಟ್ ಮತ್ತು ಜೊತೆಗಾರರು 1977ರಿಂದ ಹೀಗೆಯೇ ಅದೇ ಜಾಗಗಳಿಂದ ಮತ್ತೆ ತೆಗೆದರು. ನಿಮ್ಮ ಊರಿನ ಹಳೆಯ ಫೋಟೊ ಯಾರ ಮನೆಯಲ್ಲಾದರೂ ಸಿಕ್ಕರೆ ಇದೇ ಉಪಾಯ ಬಳಸಿ. ನೆರಳಿನ ದಿಕ್ಕು ಮತ್ತು ಉದ್ದ ನೋಡಿದರೆ ಹೊತ್ತನ್ನೂ ತಿಂಗಳನ್ನೂ ಅಂದಾಜು ಮಾಡಬಹುದು.

ಪ್ರತಿ ಸಲ ಬರೆದುಕೊಳ್ಳಬೇಕಾದದ್ದು: ನಿಂತ ಜಾಗ, ಕ್ಯಾಮೆರಾ ನೋಡಿದ ದಿಕ್ಕು, ನೆಲದಿಂದ ಲೆನ್ಸಿನ ಎತ್ತರ, ಫೋಕಲ್ ಲೆಂತ್ (ಲೆನ್ಸಿನ ಮಿಲಿಮೀಟರ್ ಅಂಕಿ), ಸಮಯ. ನಿಮ್ಮ ಟ್ರೈಪಾಡ್ ನಿಂತ ಜಾಗವನ್ನೂ ಮೊಬೈಲಲ್ಲಿ ಒಂದು ಫೋಟೊ ತೆಗೆದಿಡಿ. ಮುಂದೆ ಬರುವವರಿಗೆ ಅದು ಬಲು ಉಪಕಾರ.

ಹತ್ತಿರದ ಕಲ್ಲೂ ದೂರದ ಗುಡ್ಡವೂ ಸ್ಪಷ್ಟವಾಗಿ ಬರಬೇಕಾದರೆ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ (ಹಳೆಯ 35 ಮಿಲಿಮೀಟರ್ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವುದು) 24 ಮಿಲಿಮೀಟರ್ ಲೆನ್ಸನ್ನು ಎಫ್ 8ಕ್ಕೆ (ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಎಂಬ ಅಂಕಿ) ಇಟ್ಟು ಸುಮಾರು 2.4 ಮೀಟರ್ ದೂರಕ್ಕೆ ಫೋಕಸ್ ಮಾಡಿ. ಸುಮಾರು 1.2 ಮೀಟರಿನಿಂದ ಕಣ್ಣು ಹೋಗುವವರೆಗೆ ಎಲ್ಲವೂ ಸ್ಪಷ್ಟ. ಪೋಲರೈಸರ್ ಫಿಲ್ಟರ್ (ಹೊಳಪು ತಗ್ಗಿಸಿ ಆಕಾಶವನ್ನು ಗಾಢವಾಗಿಸುವ ಗಾಜು) ಇದ್ದರೆ ಸೂರ್ಯನಿಗೆ 90 ಡಿಗ್ರಿ ಅಡ್ಡ ದಿಕ್ಕಿನಲ್ಲಿ ಅದರ ಪರಿಣಾಮ ಜಾಸ್ತಿ. ಅಗಲದ ಲೆನ್ಸಿಗೆ ಹಾಕಿದರೆ ಆಕಾಶದ ಒಂದು ಭಾಗ ಮಾತ್ರ ಕಪ್ಪಾಗಿ ಕಾಣುತ್ತದೆ, ಆಗ ತೆಗೆದುಬಿಡಿ.

ಹಂತ 7: ಹೆಗ್ಗುರುತುಗಳು

ಕಟ್ಟಡ ಹಿಂದಕ್ಕೆ ಬೀಳುತ್ತಿರುವಂತೆ ಕಾಣುವುದು ಇಲ್ಲಿನ ದೊಡ್ಡ ದೂರು. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದಾಗ ನೆಟ್ಟಗಿನ ಗೆರೆಗಳು ಮೇಲೆ ಹೋಗುತ್ತಾ ಒಂದರ ಕಡೆಗೊಂದು ವಾಲುತ್ತವೆ. ಕ್ಯಾಮೆರಾ ಗೋಡೆಗೆ ಸಮಾನಾಂತರವಾಗಿ ನೆಟ್ಟಗಿದ್ದರೆ ವಾಲುವುದಿಲ್ಲ. ಅದಕ್ಕೆ ದೂರ ಹೋಗಿ, ಅಥವಾ ಎದುರಿನ ಕಟ್ಟಡದ ಮಹಡಿ ಹತ್ತಿ. ಎತ್ತರದ ಅರ್ಧದಲ್ಲಿ ನಿಂತರೆ ಅತ್ಯುತ್ತಮ. ಎರಡೂ ಆಗದಿದ್ದರೆ ಸುತ್ತ ಜಾಗ ಬಿಟ್ಟು ತೆಗೆಯಿರಿ. ಕಂಪ್ಯೂಟರಿನಲ್ಲಿ ನೇರ ಮಾಡುವಾಗ ಅಂಚುಗಳು ಕತ್ತರಿಸಿಹೋಗುತ್ತವೆ.

ಒಂದು ಹೆಗ್ಗುರುತಿಗೆ ಕಡಿಮೆ ಎಂದರೆ ಇಷ್ಟು ಬೇಕು: ನಾಲ್ಕೂ ಮುಖ, ಸುತ್ತಲಿನ ರಸ್ತೆಯೊಂದಿಗೆ ದೂರದ ನೋಟ, ಬಾಗಿಲು ಮತ್ತು ಬರಹವಿರುವ ಭಾಗ, ಬಿರುಕು ಮತ್ತು ದುರಸ್ತಿ ಆದ ಜಾಗ, ಪಕ್ಕದಲ್ಲಿ ಒಬ್ಬ ವ್ಯಕ್ತಿ ಇರುವ ಒಂದು ಫೋಟೊ. ಮನುಷ್ಯ ಇಲ್ಲದಿದ್ದರೆ ಕಲ್ಲಿನ ಅಳತೆ ತಿಳಿಯುವುದಿಲ್ಲ. ಉತ್ತರದ ಗೋಡೆಗೆ ಬಿಸಿಲೇ ಬೀಳುವುದಿಲ್ಲ ಎನ್ನುವವರು ಋತುವಿನ ಲೆಕ್ಕ ಹಾಕಿ. ಜೂನ್ ಹೊತ್ತಿಗೆ ಸೂರ್ಯ ಪೂರ್ವಕ್ಕಿಂತ ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಡಿಸೆಂಬರಿನಲ್ಲಿ ದಕ್ಷಿಣಕ್ಕೆ. ಹಾಗಾಗಿ ಬೇರೆ ತಿಂಗಳಲ್ಲಿ ನೆರಳಲ್ಲೇ ಇರುವ ಗೋಡೆಗೆ ಜೂನ್ ಬೆಳಗ್ಗೆ ಓರೆ ಬಿಸಿಲು ಸಿಗಬಹುದು. ಮಸುಕಾದ ಕೆತ್ತನೆ, ಶಾಸನದ ಅಕ್ಷರ ಓದಲು ಇಂಥ ಓರೆ ಬೆಳಕೇ ಬೇಕು. ಅಕ್ಷರದ ಮೇಲೆ ಸುಣ್ಣ, ಚಾಕ್‌ಪುಡಿ, ನೀರು ಏನನ್ನೂ ಹಾಕಬೇಡಿ. ಬದಿಯಿಂದ ಟಾರ್ಚ್ ಹಿಡಿದರೆ ಸಾಕು.

ವೈರ್, ಬ್ಯಾನರ್, ನಿಲ್ಲಿಸಿದ ಬೈಕ್ ಅಡ್ಡ ಬಂದರೆ ಬರಲಿ. ಕಟ್ಟಡ ಇವತ್ತು ಇರುವುದು ಅವುಗಳ ನಡುವೆಯೇ.

ಕಾನೂನಿನ ಮಾತು ಒಂದಿದೆ. ಸಾರ್ವಜನಿಕ ಜಾಗದಲ್ಲಿರುವ ಕಟ್ಟಡ, ಶಿಲ್ಪಗಳ ಫೋಟೊ ಪ್ರಕಟಿಸಲು ಒಂದೊಂದು ದೇಶದಲ್ಲಿ ಒಂದೊಂದು ನಿಯಮ. ಐಫೆಲ್ ಗೋಪುರದ ಹಗಲಿನ ಫೋಟೊಗೆ ತೊಡಕಿಲ್ಲ, ಆದರೆ ರಾತ್ರಿಯ ದೀಪಾಲಂಕಾರಕ್ಕೆ ಕೃತಿಸ್ವಾಮ್ಯ ಇದೆ. ಮಾರಾಟಕ್ಕೆ ಅಥವಾ ಪುಸ್ತಕಕ್ಕೆ ಬಳಸುವ ಮುಂಚೆ ನೀವಿರುವ ಕಡೆಯ ನಿಯಮ ನೋಡಿಕೊಳ್ಳಿ.

ಹಂತ 8: ಅದೇ ರಾತ್ರಿ ಅಡಿಬರಹ

ಮನೆಗೆ ಬಂದು ಮಲಗುವ ಮುಂಚೆ ಎರಡು ಕೆಲಸ. ಫೋಟೊಗಳನ್ನು ಕಂಪ್ಯೂಟರಿಗೂ ಇನ್ನೊಂದು ಡಿಸ್ಕಿಗೂ ಇಳಿಸಿ. ಎರಡೂ ಪ್ರತಿ ತೆರೆದು ನೋಡುವವರೆಗೆ ಕಾರ್ಡ್ ಮುಟ್ಟಬೇಡಿ. ಫೋಲ್ಡರಿನ ಹೆಸರು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಶುರುವಾಗಲಿ, 2025-03-14 ಎಂಬಂತೆ, ಆಮೇಲೆ ಜಾಗ. ಹೀಗೆ ಇಟ್ಟರೆ ಫೋಲ್ಡರ್‌ಗಳು ತಾವಾಗಿಯೇ ಕಾಲದ ಸಾಲಿನಲ್ಲಿ ನಿಲ್ಲುತ್ತವೆ.

ಎರಡನೆಯದು ಅಡಿಬರಹ. "ನಾಳೆ ಬರೆಯೋಣ" ಎಂದರೆ ಮುಗಿಯಿತು. ಹೆಸರು ಮೊದಲು ಮರೆಯುತ್ತದೆ, ಆಮೇಲೆ ಜಾಗ. ವ್ಯತ್ಯಾಸ ನೋಡಿ.

ಕೆಲಸಕ್ಕೆ ಬಾರದ್ದು: "ಶ್ರಮದ ಸೊಬಗು."

ಕೆಲಸಕ್ಕೆ ಬರುವುದು: "ಬಡಗಿ (ಹೆಸರು, ವಯಸ್ಸು) ತೇಗದ ಹಲಗೆಯನ್ನು ಕೀಸುಳಿಯಿಂದ ಹೆರೆಯುತ್ತಿದ್ದಾರೆ, ಶಾಲೆಯ ಬಾಗಿಲಿಗಾಗಿ. ಹಿಂದೆ ನಿಂತವರು ಅವರ ಮಗ. ಕೆರೆ ಬೀದಿಯ ಕೊಟ್ಟಿಗೆ, ಊರು, 14 ಮಾರ್ಚ್ 2025, ಬೆಳಗ್ಗೆ."

ಮೊದಲನೆಯದರಲ್ಲಿ ಇರುವುದು ಬರೆದವರ ಭಾವನೆ. ಎರಡನೆಯದರಲ್ಲಿ ಮರ, ಕೆಲಸ, ಸಂಬಂಧ, ಜಾಗ, ಕಾಲ ಎಲ್ಲ ಇದೆ. ಹಲವರು ಇದ್ದರೆ ಎಡದಿಂದ ಬಲಕ್ಕೆ ಹೆಸರು ಬರೆಯಿರಿ. ಹೆಸರಿನ ಕಾಗುಣಿತವನ್ನು ಅವರನ್ನೇ ಕೇಳಿ, ಆಗಿದ್ದರೆ ಅವರ ಕೈಯಲ್ಲೇ ನೋಟ್‌ಬುಕ್ಕಿನಲ್ಲಿ ಬರೆಸಿ. ಗೊತ್ತಿಲ್ಲದ್ದನ್ನು ಊಹಿಸಿ ತುಂಬಬೇಡಿ, "ಹೆಸರು ತಿಳಿದಿಲ್ಲ" ಎಂದೇ ಬರೆಯಿರಿ. ಹೆಸರು ಬೇಡ ಎಂದವರ ಹೆಸರು ಬರೆಯಬೇಡಿ.

ಅಡಿಬರಹವನ್ನು ಬೇರೆ ಕಾಗದದಲ್ಲಿ ಮಾತ್ರ ಇಟ್ಟರೆ ಫೋಟೊ ಒಂದು ಕಡೆ, ಬರಹ ಇನ್ನೊಂದು ಕಡೆ ಆಗುತ್ತದೆ. ಫೋಟೊ ಕಡತದ ಒಳಗೇ ಬರೆಯಲು ಐಪಿಟಿಸಿ ಎಂಬ ಮಾಹಿತಿ ಖಾನೆಗಳಿವೆ: ವಿವರಣೆ, ತೆಗೆದವರು, ಜಾಗ, ಹುಡುಕುಪದ. ಬಹುತೇಕ ಫೋಟೊ ಸಾಫ್ಟ್‌ವೇರ್‌ಗಳಲ್ಲಿ ಸಿಗುತ್ತವೆ. ರಾ ಕಡತಕ್ಕೆ ಬರೆದದ್ದು ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಚಿಕ್ಕ ಕಡತವಾಗಿ ಕೂರುತ್ತದೆ. ಸಾಗಿಸುವಾಗ ಅದನ್ನೂ ಜೊತೆಗೇ ಸಾಗಿಸಿ.

ಎಚ್ಚರಿಕೆಯ ಗುರುತು: ಅಡಿಬರಹ ಇಲ್ಲದ ಫೋಲ್ಡರ್‌ಗಳು ಎರಡು ಮೂರು ಸೇರಿದರೆ ಹೊಸ ಫೋಟೊ ತೆಗೆಯುವುದನ್ನು ನಿಲ್ಲಿಸಿ. ಮೊದಲು ಅವನ್ನು ಮುಗಿಸಿ.

ಹಂತ 9: ಆಯ್ಕೆ ಮತ್ತು ತಿದ್ದುಪಡಿ

ಹಂತ 1ರ ಪಟ್ಟಿ ಎದುರಿಗೆ ಇಟ್ಟುಕೊಂಡು ಆರಿಸಿ. ಪ್ರತಿ ಪ್ರಶ್ನೆಗೂ ಉತ್ತರ ಕೊಡುವ ಫೋಟೊ ಇದೆಯೇ? ಇಲ್ಲದ ಕಡೆ ಗುರುತು ಹಾಕಿ, ಮತ್ತೆ ಹೋಗಿ. ಚಂದ ಕಡಿಮೆ, ಮಾಹಿತಿ ಜಾಸ್ತಿ ಇರುವ ಫೋಟೊವನ್ನು ಉಳಿಸಿ. ಆರಿಸದವನ್ನೂ ಅಳಿಸಬೇಡಿ, ಪೂರ್ತಿ ಹಾಳಾದವನ್ನು ಬಿಟ್ಟು.

ತಿದ್ದುಪಡಿಯಲ್ಲಿ ಬೆಳಕು, ಬಣ್ಣದ ಸಮತೋಲ, ವಾಲಿದ ಗೆರೆ, ಲೆನ್ಸಿನ ದೂಳಿನ ಚುಕ್ಕೆ ಇಷ್ಟನ್ನು ಮುಟ್ಟಬಹುದು. ವೈರ್ ಅಳಿಸುವುದು, ಆಕಾಶ ಬದಲಾಯಿಸುವುದು, ಕೃತಕ ಬುದ್ಧಿಮತ್ತೆಯಿಂದ ಖಾಲಿ ಜಾಗ ತುಂಬುವುದು ಕೂಡದು. ಒಂದೇ ಒಂದು ಫೋಟೊದಲ್ಲಿ ಹೀಗೆ ಮಾಡಿದ್ದು ಗೊತ್ತಾದರೂ ಉಳಿದವನ್ನು ಯಾರೂ ನಂಬುವುದಿಲ್ಲ. ಮೂಲ ಕಡತದ ಮೇಲೆ ಕೆಲಸ ಮಾಡದೆ ಯಾವಾಗಲೂ ಪ್ರತಿಯ ಮೇಲೆ ಮಾಡಿ. ಜೆಪೆಗ್ ಕಡತವನ್ನು ತಿದ್ದಿ ತಿದ್ದಿ ಉಳಿಸಿದಷ್ಟೂ ಗುಣಮಟ್ಟ ಇಳಿಯುತ್ತದೆ.

ಹಂತ 10: ಕಾಪಾಡುವುದು, ಹಂಚುವುದು, ಹಿಂತಿರುಗಿಸುವುದು

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಮನೆಯಲ್ಲಿ ಅಥವಾ ಕ್ಲೌಡ್‌ನಲ್ಲಿ. ಮೂರು ಪ್ರತಿಯೂ ಒಂದೇ ಕಪಾಟಿನಲ್ಲಿದ್ದರೆ ಬೆಂಕಿ, ನೀರು, ಕಳ್ಳತನದ ಮುಂದೆ ಅದು ಒಂದೇ ಪ್ರತಿ. ವರ್ಷಕ್ಕೊಮ್ಮೆ ಡಿಸ್ಕ್ ಹಾಕಿ ತೆರೆದು ನೋಡಿ. ಎಸ್‌ಎಸ್‌ಡಿಯನ್ನು (ಚಿಪ್‌ನಲ್ಲಿ ಮಾಹಿತಿ ಉಳಿಸುವ ಡಿಸ್ಕ್) ವರ್ಷಗಟ್ಟಲೆ ವಿದ್ಯುತ್ ಕೊಡದೆ ಇಟ್ಟರೆ ಮಾಹಿತಿ ಹೋಗುವ ಅಪಾಯ ಇದೆ.

ಹಂಚುವ ಮುಂಚೆ ಮನೆಯೊಳಗೆ ತೆಗೆದ ಫೋಟೊಗಳಿಂದ, ಮಕ್ಕಳ ಫೋಟೊಗಳಿಂದ ಜಿಪಿಎಸ್ ಮಾಹಿತಿ ತೆಗೆಯಿರಿ. ನಿಮ್ಮ ಮೂಲ ಪ್ರತಿಯಲ್ಲಿ ಇರಲಿ, ಹಂಚುವ ಪ್ರತಿಯಲ್ಲಿ ಬೇಡ. ವಿಕಿಮೀಡಿಯ ಕಾಮನ್ಸ್‌ನಂಥ ಮುಕ್ತ ಚಿತ್ರಸಂಗ್ರಹ ತಾಣಕ್ಕೆ ಹಾಕಿದರೆ ಊರಿನ ದಾಖಲೆ ಎಲ್ಲರಿಗೂ ಸಿಗುತ್ತದೆ. ಆದರೆ ಅಲ್ಲಿನ ಪರವಾನಗಿಯಲ್ಲಿ ವ್ಯಾಪಾರದ ಬಳಕೆಗೂ ಅವಕಾಶ ಇದೆ, ಒಮ್ಮೆ ಕೊಟ್ಟ ಪರವಾನಗಿಯನ್ನು ವಾಪಸ್ ಪಡೆಯಲು ಬರುವುದಿಲ್ಲ. ಫೋಟೊದಲ್ಲಿರುವವರಿಗೆ ಇದನ್ನು ಮೊದಲೇ ಹೇಳಿರಬೇಕು.

ಇನ್ನು ಪ್ರತಿ ಕೊಡುವುದು. ಕೊಡುತ್ತೇನೆ ಎಂದವರಿಗೆಲ್ಲ ಅಚ್ಚು ಹಾಕಿಸಿ ಕೈಗೇ ಕೊಡಿ. 8 × 10 ಇಂಚಿನ ಅಚ್ಚು ಚೆನ್ನಾಗಿ ಬರಲು ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 2400 × 3000 ಪಿಕ್ಸೆಲ್ ಬೇಕು. ಈಗಿನ ಸಾಮಾನ್ಯ ಮೊಬೈಲಿನಲ್ಲೂ ಅಷ್ಟಿರುತ್ತದೆ. ಕೊಡಲು ಹೋದಾಗ ನೋಟ್‌ಬುಕ್ ಮರೆಯಬೇಡಿ. ಅಚ್ಚನ್ನು ಕೈಯಲ್ಲಿ ಹಿಡಿದ ಕೂಡಲೇ ಜನ ಮಾತಾಡಲು ಶುರು ಮಾಡುತ್ತಾರೆ: "ಇದು ಮಗ ಅಲ್ಲ, ತಂಗಿಯ ಮಗ." "ಆ ಬೀದಿಗೆ ಮೊದಲು ಬೇರೆ ಹೆಸರಿತ್ತು." "ಹಿಂದಿರೋ ಮರ ಕಳೆದ ವಾರ ಕಡಿದ್ರು." ಇದನ್ನೆಲ್ಲ ಅಲ್ಲೇ ಬರೆದುಕೊಂಡು, ಅವತ್ತೇ ರಾತ್ರಿ ಮೂರೂ ಪ್ರತಿಗಳ ಅಡಿಬರಹ ತಿದ್ದಿ. ಯಾರು ಹೇಳಿದ್ದು, ಯಾವ ದಿನ ಹೇಳಿದ್ದು ಎಂಬುದನ್ನೂ ಪಕ್ಕದಲ್ಲಿ ಸೇರಿಸಿ.